ಗಿಡಕ್ಕೆ ನೀರು ಹಾಕುವವರು ಯಾರು?

ವೃದ್ಧಾಪ್ಯ ಮತ್ತು ಆರೈಕೆಯನ್ನು ಕುರಿತ ನಮ್ಮ ಸಂವಾದದ ನೇರ ಪ್ರಸಾರದಲ್ಲಿ ಹಿರಿಯ ವೀಕ್ಷಕರೊಬ್ಬರು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದರು. "ನಾನಿರುವ ಆಶ್ರಮದಲ್ಲಿ ಊಟ ಚೆನ್ನಾಗಿದೆ ಸ್ವಾಮಿ. ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ಕೊಡುತ್ತಾರೆ. ಆದರೆ ಬೆಳಿಗ್ಗೆ ಎಂಟಕ್ಕೆ ತಿಂಡಿ ಮುಗಿದ ಮೇಲೆ ರಾತ್ರಿ ಎಂಟರ ಊಟದವರೆಗೆ ನಾನು ಏನು ಮಾಡಬೇಕು?" ವೇದಿಕೆಯ ಮೇಲಿದ್ದ ತಜ್ಞರು ಉತ್ತರ ಹೇಳಲು ಬಾಯಿ ತೆರೆಯುವ ಹೊತ್ತಿಗೆ ಕಾರ್ಯಕ್ರಮದ ಅವಧಿ ಮುಗಿದಿತ್ತು. ಕಂಟ್ರೋಲ್ ರೂಮಿನಲ್ಲಿ ಕುಳಿತು "ಮುಗಿಸಿ" ಎಂದು ಸೂಚನೆ ಕೊಟ್ಟವನು ನಾನೇ.

ಆ ಹನ್ನೆರಡು ಗಂಟೆಗಳ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ವೃದ್ಧಾಶ್ರಮ, ಪುನರ್ವಸತಿ ಕೇಂದ್ರ, ಮಾನಸಿಕ ಆಸ್ಪತ್ರೆ, ಅಂಗವಿಕಲರ ವಸತಿಗೃಹ, ಯಾವುದೇ ಇರಲಿ, ಇನ್ನೊಬ್ಬರ ಆರೈಕೆಯಲ್ಲಿ ಇರುವವರ ದಿನದಲ್ಲಿ ಔಷಧಿಗೆ ಬೇಕಾಗುವುದು ಕೆಲವೇ ನಿಮಿಷ. ಉಳಿದದ್ದೆಲ್ಲ ಬಿಡುವು. ಈ ಬಿಡುವನ್ನು ಆರೋಗ್ಯಕ್ಕೆ ನೆರವಾಗುವಂತೆ ಯೋಜಿಸಬಹುದೇ? ಯೋಜಿಸಿದರೆ, ಅದರಿಂದ ಒಳಿತಾಯಿತೆಂದು ತಿಳಿಯುವುದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಪರದೆಯ ಮೇಲೆ ಹೇಳಲಾಗದೆ ಉಳಿದ ಆ ಇತಿಹಾಸವನ್ನು ಈ ಪುಟಗಳಲ್ಲಿ ಹೇಳಲು ಯತ್ನಿಸಿದ್ದೇನೆ.

ಚಹಾ ವ್ಯಾಪಾರಿ ಕಟ್ಟಿದ ಮನೆ

1790ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದ ಹುಚ್ಚಾಸ್ಪತ್ರೆಯಲ್ಲಿ ಹನ್ನಾ ಮಿಲ್ಸ್ ಎಂಬ ವಿಧವೆ ತೀರಿಕೊಂಡರು. ಆಕೆ ಕ್ವೇಕರ್ ಪಂಥಕ್ಕೆ ಸೇರಿದವರು. ಒಳಗಿದ್ದ ಆಕೆಯನ್ನು ನೋಡಲು ಅದೇ ಪಂಥದವರು ಹೋದಾಗ ಆಸ್ಪತ್ರೆಯವರು ಬಿಟ್ಟಿರಲಿಲ್ಲ. ಒಳಗೆ ಏನು ನಡೆಯಿತೆಂದು ಹೊರಗಿನವರಿಗೆ ತಿಳಿಯಲೇ ಇಲ್ಲ. ಈ ಸಾವು ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿಯ ಮನಸ್ಸನ್ನು ಕಲಕಿತು. ಆತ ವೈದ್ಯನಲ್ಲ. ಆದರೂ ತನ್ನ ಪಂಥದವರಿಂದ ಹಣ ಕೂಡಿಸಿ 1796ರಲ್ಲಿ ಅದೇ ಊರಿನಲ್ಲಿ ಒಂದು ಹೊಸ ಮನೆ ತೆರೆದ. ಅದಕ್ಕೆ ಆಸ್ಪತ್ರೆ ಎಂದು ಹೆಸರಿಡಲಿಲ್ಲ, ರಿಟ್ರೀಟ್ ಎಂದು ಕರೆದ. ದಣಿದವರು ಬಂದು ತಂಗುವ ತಾಣ ಎಂಬ ಅರ್ಥ.

ಅಲ್ಲಿ ಮೊದಲಿಗೆ ಇದ್ದದ್ದು ಸುಮಾರು ಮೂವತ್ತು ಜನರಿಗೆ ಜಾಗ. ಸರಪಳಿ ಇರಲಿಲ್ಲ. ತೋಟವಿತ್ತು, ಹೊಲಿಗೆ, ಓದು, ಬರಹ ಇದ್ದವು. ರೋಗಿಗಳನ್ನು ಚಹಾ ಕೂಟಕ್ಕೆ ಅತಿಥಿಗಳಂತೆ ಆಹ್ವಾನಿಸುತ್ತಿದ್ದರು. ಅವರೂ ಒಳ್ಳೆಯ ಬಟ್ಟೆ ತೊಟ್ಟು ಬರುತ್ತಿದ್ದರು. ಅಂಗಳದಲ್ಲಿ ಮೊಲ, ಕೋಳಿ, ಕಡಲಹಕ್ಕಿಗಳನ್ನು ಸಾಕಿದ್ದರು. ತನ್ನನ್ನೇ ಇನ್ನೊಬ್ಬರು ನೋಡಿಕೊಳ್ಳಬೇಕಾದ ಮನುಷ್ಯನಿಗೂ ತಾನು ನೋಡಿಕೊಳ್ಳಲು ಒಂದು ಜೀವ ಬೇಕು ಎಂಬುದನ್ನು ಆ ಮನೆಯವರು ಆಗಲೇ ಕಂಡುಕೊಂಡಿದ್ದರು.

1813ರಲ್ಲಿ ವಿಲಿಯಂ ಟ್ಯೂಕ್‌ನ ಮೊಮ್ಮಗ ಸ್ಯಾಮ್ಯುಯಲ್ ಟ್ಯೂಕ್ ಆ ಸಂಸ್ಥೆಯ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಬರೀ ವರ್ಣನೆಯಲ್ಲದೆ ಎಷ್ಟು ಮಂದಿ ಬಂದರು, ಎಷ್ಟು ಮಂದಿ ಗುಣಮುಖರಾದರು ಎಂಬ ಲೆಕ್ಕವೂ ಇತ್ತು. "ನಾವು ಒಳ್ಳೆಯ ಮನಸ್ಸಿನಿಂದ ಮಾಡುತ್ತಿದ್ದೇವೆ" ಎನ್ನುವುದಕ್ಕೆ ನಿಲ್ಲದೆ "ಫಲ ಇಷ್ಟು" ಎಂದು ತೋರಿಸುವ ಹೊಣೆಯನ್ನು ಆ ಪುಸ್ತಕ ಹೊತ್ತುಕೊಂಡಿತು. ಯುರೋಪು, ಅಮೆರಿಕಗಳಲ್ಲಿ ಅದನ್ನು ಓದಿ ಹಲವರು ಅಂಥ ಮನೆಗಳನ್ನು ಕಟ್ಟಿದರು.

ಚಿಕಿತ್ಸೆಯೋ, ಬಿಟ್ಟಿ ದುಡಿಮೆಯೋ?

ಆದರೆ ಒಂದು ಒಳ್ಳೆಯ ವಿಚಾರ ದೊಡ್ಡದಾಗುತ್ತ ಹೋದಂತೆ ಏನಾಗುತ್ತದೆ ಎಂಬುದಕ್ಕೆ ಮುಂದಿನ ಅರವತ್ತು ವರ್ಷಗಳೇ ಸಾಕ್ಷಿ. ರಿಟ್ರೀಟ್‌ನಲ್ಲಿ ಮೂವತ್ತು ಜನರಿದ್ದರು. 1851ರಲ್ಲಿ ಲಂಡನ್ನಿನ ಹೊರವಲಯದಲ್ಲಿ ತೆರೆದ ಕೋಲ್ನಿ ಹ್ಯಾಚ್ ಆಸ್ಪತ್ರೆಯನ್ನು ಕಟ್ಟಿದ್ದೇ 1,250 ಜನರಿಗಾಗಿ. ಅಷ್ಟು ಜನರನ್ನು ಒಬ್ಬೊಬ್ಬರನ್ನಾಗಿ ಅತಿಥಿಗಳಂತೆ ಕರೆಯುವವರು ಯಾರು? ಇಂಥ ದೊಡ್ಡ ಆಸ್ಪತ್ರೆಗಳಲ್ಲಿ ತೋಟ ಉಳಿಯಿತು, ಹೊಲಿಗೆ ಉಳಿಯಿತು, ಅವುಗಳ ಉದ್ದೇಶ ಮಾತ್ರ ಬದಲಾಯಿತು. ತೋಟವೆಂದರೆ ಆಸ್ಪತ್ರೆಯ ಅಡುಗೆಮನೆಗೆ ತರಕಾರಿ, ಹೊಲಿಗೆಯೆಂದರೆ ಆಸ್ಪತ್ರೆಯ ಹಾಸಿಗೆಗಳಿಗೆ ಹೊದಿಕೆ, ಬಟ್ಟೆ ಒಗೆಯುವುದೆಂದರೆ ಇಡೀ ಸಂಸ್ಥೆಯ ಬಟ್ಟೆ. ಅಚ್ಚುಕಟ್ಟಾಗಿ ಕೆಲಸ ಮಾಡುವ ರೋಗಿ ಸಂಸ್ಥೆಗೆ ಬೇಕಾದವನಾದ. ಬೇಕಾದವನನ್ನು ಮನೆಗೆ ಕಳುಹಿಸಲು ಯಾರಿಗೂ ಅವಸರವಿರಲಿಲ್ಲ.

ಇಲ್ಲಿ ಅಳತೆ ನಿಂತುಹೋಯಿತು ಎನ್ನುವಂತಿಲ್ಲ, ಅಳತೆಗೋಲು ಬದಲಾಯಿತು ಎನ್ನಬೇಕು. ಎಷ್ಟು ಮಣ ಆಲೂಗಡ್ಡೆ ಬೆಳೆಯಿತು, ಎಷ್ಟು ಅಂಗಿ ಹೊಲಿದಾಯಿತು ಎಂಬ ಲೆಕ್ಕ ಪುಸ್ತಕದಲ್ಲಿ ಬಂತು. ಕೆಲಸ ಮಾಡಿದ ಮನುಷ್ಯನ ಗತಿ ಏನಾಯಿತು ಎಂಬುದು ಆ ಪುಸ್ತಕದಲ್ಲಿ ಹಿಂದಕ್ಕೆ ಸರಿಯಿತು.

ಇದರ ಇನ್ನೊಂದು ತುದಿಯನ್ನೂ ನೋಡಬೇಕು. 1973ರಲ್ಲಿ ಅಮೆರಿಕದ ನ್ಯಾಯಾಲಯವೊಂದು, ಆಸ್ಪತ್ರೆಗಳಲ್ಲಿ ದುಡಿಯುವ ರೋಗಿಗಳಿಗೂ ಕನಿಷ್ಠ ವೇತನ ಕಾಯಿದೆ ಅನ್ವಯಿಸುತ್ತದೆ ಎಂದು ತೀರ್ಪಿತ್ತಿತು. ನ್ಯಾಯವಾದ ತೀರ್ಪು. ಆದರೆ ಹಲವು ಸಂಸ್ಥೆಗಳು ವೇತನ ಕೊಡುವ ಬದಲು ಕೆಲಸವನ್ನೇ ನಿಲ್ಲಿಸಿಬಿಟ್ಟವು. ಶೋಷಣೆ ಹೋಯಿತು, ಅದರ ಜಾಗದಲ್ಲಿ ಬರೀ ಬೆಂಚಿನ ಮೇಲೆ ಕೂರುವ ದಿನಗಳು ಬಂದವು. ಒಂದನ್ನು ತೆಗೆದಾಗ ಅದರ ಜಾಗಕ್ಕೆ ಏನು ಎಂದು ಯೋಚಿಸದಿದ್ದರೆ ಸುಧಾರಣೆಯೂ ಗಾಯ ಮಾಡುತ್ತದೆ.

ನಮ್ಮ ದೇಶದ ಕಾನೂನು ಈ ಎರಡೂ ತುದಿಗಳನ್ನು ಒಟ್ಟಿಗೆ ಹಿಡಿದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿರುವ ವ್ಯಕ್ತಿಗೆ ಬಿಡುವು, ಮನರಂಜನೆ, ಶಿಕ್ಷಣ ಹಾಗೂ ಧಾರ್ಮಿಕ ಆಚರಣೆಗೆ ಸಮಂಜಸ ಸೌಲಭ್ಯ ಸಿಗಬೇಕು. ಅದೇ ಕಾಯಿದೆ, ಅವರನ್ನು ಬಲವಂತವಾಗಿ ದುಡಿಸಿಕೊಳ್ಳಬಾರದು, ದುಡಿದರೆ ತಕ್ಕ ಸಂಭಾವನೆ ಕೊಡಬೇಕು ಎಂದೂ ಹೇಳುತ್ತದೆ. ಬೆಂಗಳೂರಿನಲ್ಲಿ 19ನೆಯ ಶತಮಾನದಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾದ ಸಂಸ್ಥೆಯೊಂದು 1925ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿಕೊಂಡು, ಮುಂದೆ 1974ರಲ್ಲಿ ನಿಮ್ಹಾನ್ಸ್ ಆದ ಕಥೆ ನಮ್ಮ ಓದುಗರಿಗೆ ಗೊತ್ತೇ ಇದೆ. ಫಲಕದ ಮೇಲಿನ ಹೆಸರು ಬದಲಾಗುವುದಕ್ಕೆ ಅಷ್ಟು ಕಾಲ ಹಿಡಿಯಿತು. ಒಳಗಿರುವವರ ಮಧ್ಯಾಹ್ನಗಳು ಬದಲಾಗಬೇಕೆಂದು ಕಾನೂನಿನಲ್ಲಿ ಬರೆಯುವುದಕ್ಕೆ ಇನ್ನೂ ನಾಲ್ಕು ದಶಕ ಹಿಡಿಯಿತು.

ಕಿಟಕಿಯ ಆಚೆಗೆ ಒಂದು ಮರ

ಬಿಡುವಿಗೂ ದೇಹದ ಆರೋಗ್ಯಕ್ಕೂ ಇರುವ ನಂಟನ್ನು ಗಟ್ಟಿಯಾಗಿ ಹೇಳಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬರು. ದೀಪ ಹಿಡಿದ ಮಹಿಳೆಯೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಆಕೆ ಅಂಕಿ-ಅಂಶ ಶಾಸ್ತ್ರದಲ್ಲಿಯೂ ಅಷ್ಟೇ ಪಳಗಿದವರು ಎಂಬುದು ಪಾಠದಲ್ಲಿ ಇರಲಿಲ್ಲ.

ಕ್ರಿಮಿಯಾ ಯುದ್ಧದ ಕಾಲದಲ್ಲಿ, 1855ರಲ್ಲಿ, ಟರ್ಕಿಯ ಸ್ಕುಟಾರಿಯಲ್ಲಿದ್ದ ಸೇನಾ ಆಸ್ಪತ್ರೆಯ ಗಾಯಾಳುಗಳಿಗಾಗಿ ಆಕೆ ಓದುವ ಕೋಣೆ ಮತ್ತು ಕಾಫಿ ಮನೆಯನ್ನು ತೆರೆಸಿದರು. ಸಂಬಳವನ್ನು ಊರಿಗೆ ಕಳುಹಿಸುವ ವ್ಯವಸ್ಥೆಯನ್ನೂ ಮಾಡಿಸಿದರು. ಸೈನಿಕರು ಕುಡುಕರು, ಅವರಿಗೆ ಪುಸ್ತಕವೇಕೆ ಎಂದು ಅಧಿಕಾರಿಗಳು ನಕ್ಕಿದ್ದರು. ಆರು ತಿಂಗಳೊಳಗೆ ಸೈನಿಕರು ಮನೆಗೆ ಕಳುಹಿಸಿದ ಹಣ 71,000 ಪೌಂಡ್. ಅಲ್ಲಿಯವರೆಗೆ ಆ ಹಣ ಹೆಂಡದಂಗಡಿಗೆ ಹೋಗುತ್ತಿತ್ತು ಎಂಬುದು ಅವರ ವಾದ. ವಾದಕ್ಕೆ ಪುರಾವೆಯಾಗಿ ಲೆಕ್ಕವೇ ನಿಂತಿತು.

1859ರಲ್ಲಿ ಶುಶ್ರೂಷೆಯನ್ನು ಕುರಿತು ಬರೆದ ಪುಸ್ತಕದಲ್ಲಿ ಆಕೆ ವೈವಿಧ್ಯಕ್ಕಾಗಿಯೇ ಒಂದು ಅಧ್ಯಾಯ ಮೀಸಲಿಟ್ಟರು. ಅದೇ ಗೋಡೆ, ಅದೇ ಸೂರು ನೋಡುತ್ತ ತಿಂಗಳುಗಟ್ಟಲೆ ಮಲಗಿದವರ ನರಳಾಟ ಎಂಥದೆಂದು ಅಲ್ಲಿ ವಿವರಿಸಿದ್ದಾರೆ. ಹೂವಿನ ಬಣ್ಣ, ಕಿಟಕಿಯಿಂದ ಕಾಣುವ ನೋಟ ಮನಸ್ಸಿಗೆ ಮಾತ್ರವಲ್ಲ, ದೇಹಕ್ಕೂ ನಾಟುತ್ತವೆ ಎಂಬುದು ಅವರ ನಿಲುವು.

ಇದು ಅನುಭವದ ಮಾತು. ಪ್ರಯೋಗದ ಒರೆಗೆ ಹಚ್ಚಲು ಸುಮಾರು 125 ವರ್ಷ ಕಾಯಬೇಕಾಯಿತು. 1984ರಲ್ಲಿ ರೋಜರ್ ಉಲ್ರಿಚ್ ಎಂಬ ವಿಜ್ಞಾನಿ ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ಹಳೆಯ ದಾಖಲೆಗಳಿಂದ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳನ್ನು ಆರಿಸಿದರು. ವಯಸ್ಸು, ಲಿಂಗ ಮುಂತಾದವುಗಳನ್ನು ಹೊಂದಿಸಿ 23 ಜೋಡಿ ಮಾಡಿದರು. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಯಾಚೆ ಮರಗಳು, ಇನ್ನೊಬ್ಬರ ಕಿಟಕಿಯಾಚೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋಗಿದ್ದರು. ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರು ಕೇಳಿದ ಪ್ರಬಲ ನೋವುನಿವಾರಕಗಳೂ ಕಡಿಮೆ.

ಮುಕ್ಕಾಲು ದಿನದ ಅಂತರ ಸಣ್ಣದೆಂದು ತೋರಬಹುದು. ಗಮನಿಸಬೇಕಾದ್ದು ವಿಧಾನವನ್ನು. ರೋಗಿಗಳನ್ನು "ನಿಮಗೆ ಕಿಟಕಿ ಇಷ್ಟವಾಯಿತೇ?" ಎಂದು ಕೇಳಲಿಲ್ಲ, ಕೇಳಿದ್ದರೆ ಎಲ್ಲರೂ ಸೌಜನ್ಯಕ್ಕೆ ಹೌದೆನ್ನುತ್ತಿದ್ದರು. ಹೋಲಿಸಲು ಇನ್ನೊಂದು ಗುಂಪಿತ್ತು, ಎಣಿಸಲು ದಿನಗಳಿದ್ದವು.

ಬಾಣ ಹೂಡಿದ ಹದಿನಾರು ಮಂದಿ

ಮೊದಲ ಮಹಾಯುದ್ಧದ ಕಾಲದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಹಾಸಿಗೆ ಹುಣ್ಣು, ಮೂತ್ರದ ಸೋಂಕು ಅವರನ್ನು ಕೊಲ್ಲುತ್ತಿದ್ದವು. ಉಳಿದವರನ್ನು ಒಂದು ಮೂಲೆಯಲ್ಲಿ ಮಲಗಿಸಿ ಸಮಾಧಾನ ಹೇಳುವುದೇ ಆರೈಕೆ ಎನಿಸಿಕೊಂಡಿತ್ತು.

ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ಯಹೂದಿ ನರವೈದ್ಯ ಲುಡ್‌ವಿಗ್ ಗಟ್‌ಮನ್, 1944ರ ಫೆಬ್ರುವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರಿಗಾಗಿ ಒಂದು ವಿಭಾಗ ಆರಂಭಿಸಿದರು. ಅವರ ಮೊದಲ ಕಟ್ಟಳೆ, ಹಗಲು ರಾತ್ರಿ ಎನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ಎರಡನೆಯದು, ಯಾರೂ ಸುಮ್ಮನೆ ಮಲಗಿರಬಾರದು. ಮರಗೆಲಸ, ಗಡಿಯಾರ ರಿಪೇರಿಯಂಥ ಕೆಲಸಗಳು ದಿನಚರಿಗೆ ಸೇರಿದವು.

ಆಟ ಬಂದದ್ದು ಯೋಜನೆಯಿಂದಲ್ಲ, ಗಮನಿಸುವಿಕೆಯಿಂದ. ಗಾಲಿಕುರ್ಚಿಯಲ್ಲಿದ್ದ ಕೆಲವರು ಊರುಗೋಲನ್ನು ತಿರುಗಿಸಿ ಹಿಡಿದು ನೆಲದ ಮೇಲಿನ ಬಿಲ್ಲೆಯೊಂದನ್ನು ಹೊಡೆದಾಡುತ್ತಿರುವುದನ್ನು ಗಟ್‌ಮನ್ ಕಂಡರು. ಗದರಿಸಲಿಲ್ಲ; ತಾವೂ ಒಂದು ಗಾಲಿಕುರ್ಚಿಯಲ್ಲಿ ಕುಳಿತು ಆಡಿ ನೋಡಿದರು. ಹೀಗೆ ಗಾಲಿಕುರ್ಚಿ ಪೋಲೊ ಹುಟ್ಟಿತು. ಪೆಟ್ಟು ಹೆಚ್ಚಾಗುತ್ತದೆಂದು ಕಂಡಾಗ ಅದನ್ನು ಕೈಬಿಟ್ಟು ಬೇರೆ ಆಟಗಳನ್ನು ತಂದರು. ಬಿಲ್ಲುಗಾರಿಕೆ ಅದರಲ್ಲಿ ಮುಖ್ಯವಾದದ್ದು. ಬಿಲ್ಲು ಎಳೆಯಲು ಬೇಕಾಗುವುದು ತೋಳು, ಭುಜ, ಮುಂಡದ ಬಲ. ಕಾಲಿನ ಸ್ವಾಧೀನ ಕಳೆದುಕೊಂಡವನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ತಾನೇ ಜರುಗಲು ಬೇಕಾಗುವ ಬಲವೂ ಅದೇ. ಆಟವನ್ನು ಗುರಿಗೆ ಹೊಂದಿಸುವುದು ಎಂದರೆ ಇದು.

1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಒಂದು ಬಿಲ್ಲುಗಾರಿಕೆ ಸ್ಪರ್ಧೆ ನಡೆಯಿತು. ಸ್ಪರ್ಧಿಗಳು 16 ಮಂದಿ. 14 ಗಂಡಸರು, ಇಬ್ಬರು ಹೆಂಗಸರು. ಹನ್ನೆರಡು ವರ್ಷಗಳ ನಂತರ 1960ರಲ್ಲಿ ರೋಮ್‌ನಲ್ಲಿ 23 ದೇಶಗಳ 400 ಸ್ಪರ್ಧಿಗಳು ಸೇರಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದು, ಚೇತರಿಕೆಗೆಂದು ಈಜಿಗೆ ಇಳಿದ ನಮ್ಮ ಸೈನಿಕ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಚಿನ್ನ ಗೆದ್ದರು. 2012ರಲ್ಲಿ ಲಂಡನ್ನಿನಲ್ಲಿ ಎತ್ತರ ಜಿಗಿತದ ಬೆಳ್ಳಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರದಾಯಿತು.

ಪದಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಗಟ್‌ಮನ್ ಅವರ ನಿಜವಾದ ಅಳತೆಗೋಲು ಬೇರೆ: ರೋಗಿ ಬದುಕಿದನೇ? ಮನೆಗೆ ಹೋದನೇ? ದುಡಿದು ತಿನ್ನುವಂತಾದನೇ?

ಎರಡು ಮಹಡಿ, ಎರಡು ಬಗೆಯ ಗಿಡ

ಈಗ ಈ ಲೇಖನದ ಶೀರ್ಷಿಕೆಗೆ ಬರೋಣ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ವೃದ್ಧರ ಆರೈಕೆ ಗೃಹದಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಅದರಲ್ಲಿ ಪಾಲ್ಗೊಂಡವರು ಎರಡು ಮಹಡಿಗಳಲ್ಲಿದ್ದ 91 ನಿವಾಸಿಗಳು. ಒಂದು ಮಹಡಿಯವರಿಗೆ ಗೃಹದ ಆಡಳಿತಗಾರರು ಹೀಗೆ ಹೇಳಿದರು: ನಿಮ್ಮ ಕೋಣೆ ಹೇಗಿರಬೇಕೆಂದು ನೀವೇ ತೀರ್ಮಾನಿಸಿ, ವಾರದ ಸಿನಿಮಾವನ್ನು ಯಾವ ದಿನ ನೋಡುತ್ತೀರೆಂದು ನೀವೇ ಹೇಳಿ, ಇಲ್ಲಿರುವ ಗಿಡಗಳಲ್ಲಿ ಬೇಕಾದರೆ ಒಂದನ್ನು ಆರಿಸಿಕೊಳ್ಳಿ, ನೀರು ಹಾಕಿ ಸಾಕುವುದು ನಿಮ್ಮ ಜವಾಬ್ದಾರಿ. ಇನ್ನೊಂದು ಮಹಡಿಯವರಿಗೂ ಸಿನಿಮಾ ಇತ್ತು, ಗಿಡವೂ ಇತ್ತು. ಆದರೆ ಸಿನಿಮಾದ ದಿನವನ್ನು ಅವರಿಗೆ ತಿಳಿಸಲಾಯಿತು. ಗಿಡವನ್ನು ಅವರ ಕೈಗೆ ಕೊಟ್ಟು, ನೀರನ್ನು ನರ್ಸ್ ಹಾಕುತ್ತಾರೆ ಎಂದರು.

ವಿಜ್ಞಾನ ಓದಿದವನಾಗಿ ಈ ಪ್ರಯೋಗದ ಚೆಲುವು ನನ್ನನ್ನು ಇಂದಿಗೂ ಸೆಳೆಯುತ್ತದೆ. ಎರಡು ಗುಂಪಿಗೂ ಅದೇ ಸೌಕರ್ಯ, ಅದೇ ಖರ್ಚು. ವ್ಯತ್ಯಾಸ ಒಂದೇ: ತೀರ್ಮಾನ ಯಾರದು? ಮೂರು ವಾರಗಳ ನಂತರ ಯಾರು ಯಾವ ಗುಂಪಿನವರೆಂದು ತಿಳಿಯದ ದಾದಿಯರ ಅಂದಾಜನ್ನೂ ಸೇರಿಸಿ ಅಳೆದಾಗ, ಮೊದಲ ಗುಂಪಿನ 93 ಶೇಕಡಾ ಮಂದಿ ಸುಧಾರಿಸಿದ್ದರು. ಎರಡನೆಯ ಗುಂಪಿನ 71 ಶೇಕಡಾ ಮಂದಿ ಇನ್ನಷ್ಟು ಕುಗ್ಗಿದ್ದರು. ಹದಿನೆಂಟು ತಿಂಗಳ ಬಳಿಕ ನೋಡಿದಾಗ ಮೊದಲ ಗುಂಪಿನ 47 ಮಂದಿಯಲ್ಲಿ 7 ಜನ, ಎರಡನೆಯ ಗುಂಪಿನ 44 ಮಂದಿಯಲ್ಲಿ 13 ಜನ ತೀರಿಕೊಂಡಿದ್ದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗಿಡ ಸಾಕಿದರೆ ಆಯುಸ್ಸು ಹೆಚ್ಚುತ್ತದೆ ಎಂದು ಈ ಪ್ರಯೋಗವನ್ನು ಆಗಾಗ ಉತ್ಸಾಹದಿಂದ ಹೇಳುವುದುಂಟು. ಆದರೆ ಸಾವಿನ ಲೆಕ್ಕದಲ್ಲಿ ಅಂಕಿ-ಅಂಶಗಳ ತಪ್ಪಿತ್ತು. 1978ರಲ್ಲಿ ಅದೇ ಪತ್ರಿಕೆಯಲ್ಲಿ ತಿದ್ದುಪಡಿ ಪ್ರಕಟವಾಯಿತು. ತಿದ್ದಿದ ಮೇಲೆ, ಸಾವಿನಲ್ಲಿ ಕಂಡ ಅಂತರ ಕೇವಲ ಆಕಸ್ಮಿಕವೂ ಆಗಿರಬಹುದಾದಷ್ಟು ದುರ್ಬಲವಾಯಿತು. ಲವಲವಿಕೆ, ಚಟುವಟಿಕೆಗಳಲ್ಲಿ ಕಂಡ ಅಂತರ ಉಳಿಯಿತು. ತನ್ನ ತಪ್ಪನ್ನು ತಾನೇ ಅಚ್ಚು ಹಾಕಿಸುವುದೂ ಮೌಲ್ಯಮಾಪನದ ಒಂದು ಭಾಗವೆಂದು ನಾನು ತಿಳಿದಿದ್ದೇನೆ.

ಭೇಟಿ ನಿಂತ ಮೇಲೆ

ಅದೇ 1976ರಲ್ಲಿ ರಿಚರ್ಡ್ ಶುಲ್ಜ್ ಎಂಬ ಇನ್ನೊಬ್ಬ ಸಂಶೋಧಕ ಇನ್ನೊಂದು ವೃದ್ಧರ ನಿವಾಸದ 40 ಮಂದಿಯನ್ನು ನಾಲ್ಕು ಗುಂಪು ಮಾಡಿ ಒಂದು ಪ್ರಯೋಗ ಪ್ರಕಟಿಸಿದರು. ಅವರನ್ನು ಮಾತನಾಡಿಸಲು ಕಾಲೇಜು ವಿದ್ಯಾರ್ಥಿಗಳು ಎರಡು ತಿಂಗಳ ಕಾಲ ಬರುತ್ತಿದ್ದರು. ಒಂದು ಗುಂಪಿನವರು ವಿದ್ಯಾರ್ಥಿ ಯಾವಾಗ ಬರಬೇಕು, ಎಷ್ಟು ಹೊತ್ತು ಇರಬೇಕೆಂದು ತಾವೇ ನಿರ್ಧರಿಸುತ್ತಿದ್ದರು. ಎರಡನೆಯವರಿಗೆ ಬರುವ ಸಮಯವನ್ನು ಮೊದಲೇ ತಿಳಿಸುತ್ತಿದ್ದರು. ಮೂರನೆಯವರಲ್ಲಿಗೆ ಹೇಳದೆ ಕೇಳದೆ ಬರುತ್ತಿದ್ದರು. ನಾಲ್ಕನೆಯವರಲ್ಲಿಗೆ ಯಾರೂ ಹೋಗಲಿಲ್ಲ. ಎರಡು ತಿಂಗಳ ಕೊನೆಗೆ ಮೊದಲೆರಡು ಗುಂಪಿನವರು ಆರೋಗ್ಯದಲ್ಲೂ ಉತ್ಸಾಹದಲ್ಲೂ ಉಳಿದವರಿಗಿಂತ ಮೇಲಿದ್ದರು.

ಇಲ್ಲಿಗೆ ಮುಗಿದಿದ್ದರೆ ಇದೊಂದು ಸಂತೋಷದ ಕಥೆ. ಆದರೆ ಶುಲ್ಜ್ ಅಲ್ಲಿಗೆ ಬಿಡಲಿಲ್ಲ. ಬಾರ್ಬರಾ ಹನೂಸಾ ಎಂಬ ಸಹೋದ್ಯೋಗಿಯೊಂದಿಗೆ, 24, 30 ಮತ್ತು 42 ತಿಂಗಳ ಬಳಿಕ ಅದೇ ಜನರ ಸ್ಥಿತಿಯನ್ನು ಮತ್ತೆ ಪರಿಶೀಲಿಸಿದರು. 1978ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಯಾರಿಗೆ ಮೊದಲು ಹೆಚ್ಚು ಒಳಿತಾಗಿತ್ತೋ ಅವರೇ ನಂತರ ಕಡಿದಾಗಿ ಕುಸಿದಿದ್ದರು. ಯಾರೂ ಬರದ ಗುಂಪು, ಹೇಳದೆ ಬಂದ ಗುಂಪು ಹೆಚ್ಚುಕಡಿಮೆ ಇದ್ದಂತೆಯೇ ಇದ್ದವು.

ಪ್ರಯೋಗ ಮುಗಿಯಿತು, ವಿದ್ಯಾರ್ಥಿಗಳು ಹೋದರು. ಬಾಗಿಲು ಬಡಿಯುವ ಸದ್ದನ್ನು ನಿರೀಕ್ಷಿಸಲು ಕಲಿತವರಿಗೆ ಆ ಸದ್ದು ನಿಂತಿತು. ಮೊದಲಿನ ಪ್ರಯೋಗದ ಗಿಡಕ್ಕೂ ಈ ಭೇಟಿಗೂ ಇರುವ ಅಂತರ ಇಲ್ಲಿದೆ. ಸಂಶೋಧಕರು ಹೋದ ಮೇಲೂ ಗಿಡ ಕೋಣೆಯಲ್ಲಿಯೇ ಉಳಿಯುತ್ತದೆ, ನೀರು ಹಾಕುವ ಕೈಯೂ ಅಲ್ಲಿಯೇ ಇರುತ್ತದೆ. ಭೇಟಿಯಾದರೋ, ಭೇಟಿ ಕೊಡುವವನ ಜೊತೆಗೇ ಹೊರಟುಹೋಗುತ್ತದೆ.

ನಮ್ಮ ಕ್ಯಾಮೆರಾ ಹೊರಟ ಮೇಲೆ

ಈ ಪ್ರಬಂಧವನ್ನು ಓದಿದಾಗ ನನಗೆ ನನ್ನದೇ ಒಂದು ಕೆಲಸ ನೆನಪಾಯಿತು. ಸುಮಾರು ಹದಿನೈದು ವರ್ಷಗಳ ಹಿಂದೆ ಒಂದು ವೃದ್ಧಾಶ್ರಮದಲ್ಲಿ ನಾವು ಐದು ಶನಿವಾರ ಚಿತ್ರೀಕರಣ ಮಾಡಿದೆವು. ಹಳೆಯ ಹಾಡುಗಳ ಕಾರ್ಯಕ್ರಮ. ಮಧ್ಯಾಹ್ನ ಮೂರಕ್ಕೆ ದೀಪ ಹೊತ್ತಿಸಿ, ಮೈಕು ಕೊಟ್ಟು, ಒಬ್ಬೊಬ್ಬರಿಂದ ಹಾಡಿಸಿದೆವು. ಮೊದಲ ವಾರ ಬಾಯಿಬಿಡದ ಒಬ್ಬ ಅಜ್ಜಿ ಮೂರನೆಯ ವಾರಕ್ಕೆ ಸೋಬಾನೆ ಪದಗಳನ್ನು ಒಂದರ ಮೇಲೊಂದು ನೆನಪಿಸಿಕೊಂಡು ಹಾಡಿದರು. ಕಾರ್ಯಕ್ರಮ ಪ್ರಸಾರವಾಯಿತು, ಮೆಚ್ಚುಗೆಯ ಪತ್ರಗಳು ಬಂದವು. ನಮ್ಮ ಲೆಕ್ಕದಲ್ಲಿ ಯಶಸ್ಸು.

ನಾಲ್ಕು ತಿಂಗಳ ಮೇಲೆ ಡಿವಿಡಿ ಕೊಡಲು ಅಲ್ಲಿಗೆ ಹೋದೆ. ಅಲ್ಲಿಯ ಆಯಾ ಸಹಜವಾಗಿ ಹೇಳಿದರು: "ನೀವು ಹೋದ ಮೇಲೂ ಎಷ್ಟೋ ವಾರ ಶನಿವಾರ ತಲೆ ಬಾಚಿಕೊಂಡು, ಹೂ ಮುಡಿದು ಹಾಲಿಗೆ ಬಂದು ಕೂರುತ್ತಿದ್ದರು ಸಾರ್. ಆಮೇಲೆ ಬಿಟ್ಟರು." ಆ ಅಜ್ಜಿ ಕೋಣೆಯಿಂದ ಹೊರಗೆ ಬರುವುದನ್ನೇ ಕಡಿಮೆ ಮಾಡಿದ್ದರು. ಒಬ್ಬರ ಉದಾಹರಣೆಯಿಂದ ಏನನ್ನೂ ಸಾಧಿಸಲಾಗದು, ವಯಸ್ಸೂ ಕಾರಣವಿರಬಹುದು. ಇದು ನನಗೆ ಗೊತ್ತು. ಆದರೆ ಐದನೆಯ ಶನಿವಾರ ಸಾಮಾನು ಕಟ್ಟುವಾಗ, "ಇನ್ನು ನಾವು ಬರುವುದಿಲ್ಲ" ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮೈಕಿಲ್ಲದೆಯೂ ಹಾಡಬಹುದಲ್ಲವೇ ಎಂದು ಯಾರೂ ಕೇಳಿರಲಿಲ್ಲ. ಶನಿವಾರದ ಮೂರು ಗಂಟೆಯನ್ನು ಯಾರ ಕೈಗೂ ಒಪ್ಪಿಸಿರಲಿಲ್ಲ.

ಯೋಜನೆ ಎಂದರೇನು, ಅಳತೆ ಎಂದರೇನು?

ಈ ಕ್ಷೇತ್ರದಲ್ಲಿ ತರಬೇತಿ ಪಡೆದವರು ಇಂದು ನಾಲ್ಕು ಹೆಜ್ಜೆಗಳನ್ನು ಹೇಳುತ್ತಾರೆ: ವ್ಯಕ್ತಿಯನ್ನು ಅರಿಯುವುದು, ಯೋಜಿಸುವುದು, ನಡೆಸುವುದು, ಅಳೆಯುವುದು. ಕಾಲೇಜಿನ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದಲ್ಲಿ ಉದ್ದೇಶ, ವಿಧಾನ, ವೀಕ್ಷಣೆ, ಫಲಿತಾಂಶ ಎಂದು ಬರೆಯುತ್ತಿದ್ದ ಕ್ರಮಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಮೊದಲ ಹೆಜ್ಜೆ ಅರಿಯುವುದು. "ಹೆಂಗಸರಿಗೆ ಭಜನೆ, ಗಂಡಸರಿಗೆ ಪತ್ರಿಕೆ" ಎಂಬುದು ಅರಿವಲ್ಲ. ಆ ಅಜ್ಜಿ ಹೂ ಕಟ್ಟುತ್ತಿದ್ದರೇ, ಬತ್ತಿ ಹೊಸೆಯುತ್ತಿದ್ದರೇ, ಚೌಕಾಬಾರದಲ್ಲಿ ಕೈ ಪಳಗಿದವರೇ? ಆ ಅಜ್ಜ ಬ್ಯಾಂಕಿನಲ್ಲಿದ್ದರೇ, ಮಗ್ಗದಲ್ಲಿದ್ದರೇ? ಈಗ ಕೈ ಎಷ್ಟು ಮೇಲೇಳುತ್ತದೆ, ಕಣ್ಣು ಎಷ್ಟು ಕಾಣುತ್ತದೆ? ಏನೂ ಬೇಡವೆಂದು ಸುಮ್ಮನೆ ಕೂರುವುದು ಅವರ ಆಯ್ಕೆಯಾದರೆ ಅದನ್ನೂ ಬರೆದುಕೊಳ್ಳಬೇಕು.

ಎರಡನೆಯದು, ಗುರಿಯನ್ನು ಅಳೆಯಬಹುದಾದ ಮಾತಿನಲ್ಲಿ ಹೇಳುವುದು. "ಮನಸ್ಸಿಗೆ ಉಲ್ಲಾಸ" ಎಂದರೆ ಅಳೆಯಲಾಗದು. "ಮೂರು ತಿಂಗಳಲ್ಲಿ ಊಟದ ಮನೆಯವರೆಗೆ ಕೋಲೂರಿ ತಾವೇ ನಡೆದು ಬರುವುದು" ಎಂದರೆ ಅಳೆಯಬಹುದು. ಅಳಗುಳಿ ಮನೆಯ ಗುಣಿಗಳಿಗೆ ಹುಣಿಸೆ ಬೀಜ ಹಂಚುವುದು ಆಟವೂ ಹೌದು, ಬೆರಳಿನ ವ್ಯಾಯಾಮವೂ ಹೌದು, ಎಣಿಕೆಯ ಅಭ್ಯಾಸವೂ ಹೌದು. ಯಾರಿಗೆ ಯಾವುದಕ್ಕಾಗಿ ಎಂಬುದು ಮೊದಲೇ ಗೊತ್ತಿರಬೇಕು.

ಅಳತೆಯ ವಿಷಯದಲ್ಲಿ ಟೆಲಿವಿಷನ್ನಿನವನಾದ ನಾನು ಹೇಳಬೇಕಾದ್ದೊಂದಿದೆ. ನಮ್ಮ ಉದ್ಯಮ ಎಷ್ಟು ಮನೆಗಳಲ್ಲಿ ಪೆಟ್ಟಿಗೆ ಹೊತ್ತಿಕೊಂಡಿತ್ತೆಂದು ಎಣಿಸುತ್ತದೆ. ಯಾರು ಮನಸ್ಸಿಟ್ಟು ನೋಡಿದರೆಂದು ಎಣಿಸಲಾರದು. ಎಷ್ಟೋ ಆಶ್ರಮಗಳ ಹಾಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಟಿವಿ ಉರಿಯುತ್ತಿರುತ್ತದೆ, ಅದರ ಮುಂದೆ ಇಪ್ಪತ್ತು ಜನ ಕುಳಿತಿರುತ್ತಾರೆ. ಹಾಜರಾತಿ ಪುಸ್ತಕದ ಪ್ರಕಾರ ಅದು ಭರ್ಜರಿ ಕಾರ್ಯಕ್ರಮ. ರಿಮೋಟ್ ಯಾರ ಕೈಯಲ್ಲಿದೆ ಎಂದು ನೋಡಿದರೆ ಅದರ ನಿಜವಾದ ಬೆಲೆ ತಿಳಿಯುತ್ತದೆ.

ಕೊನೆಯದಾಗಿ, ಮುಗಿತಾಯವನ್ನೂ ಆರಂಭದ ದಿನವೇ ಯೋಜಿಸಬೇಕು. ನಾವು ಹೋದ ಮೇಲೆ ಇದನ್ನು ಯಾರು ನಡೆಸುತ್ತಾರೆ? ನಿವಾಸಿಗಳಲ್ಲಿ ಒಬ್ಬರೇ, ಆಯಾ ಒಬ್ಬರೇ, ಪಕ್ಕದ ಶಾಲೆಯವರೇ? ಆರು ತಿಂಗಳ ಮೇಲೆ ಬಂದು ನೋಡುವವರು ಯಾರು? ಇದಕ್ಕೆ ಉತ್ತರವಿಲ್ಲದಿದ್ದರೆ ಕಾರ್ಯಕ್ರಮವನ್ನು ಚಿಕ್ಕದಾಗಿಸಿ, ಉತ್ತರ ಸಿಗುವಷ್ಟಕ್ಕೆ ತಂದುಕೊಳ್ಳುವುದು ಮೇಲು.

ಹುಟ್ಟುಹಬ್ಬಕ್ಕೆ, ಹಿರಿಯರ ತಿಥಿಗೆ ಆಶ್ರಮಗಳಲ್ಲಿ ಊಟ ಹಾಕಿಸುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಹೋದಾಗ ಅಲ್ಲಿಯವರನ್ನು "ನಾವು ಮತ್ತೆ ಯಾವ ದಿನ ಬರಲಿ?" ಎಂದು ಕೇಳಿ. ಅವರು ಹೇಳಿದ ದಿನ ತಪ್ಪದೆ ಹೋಗಿ. ಹೋಗಲಾರೆವೆಂದಾದರೆ ಅದನ್ನೂ ಅವರ ಮುಂದೆಯೇ ಹೇಳಿ.

ನಮ್ಮ ತಂಡ ಈಗ ಇಂಥ ಕಡೆ ಚಿತ್ರೀಕರಣಕ್ಕೆ ಹೋಗುವ ಮೊದಲು, ಕೊನೆಯ ದಿನದ ನಂತರ ಆ ಹೊತ್ತನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳುತ್ತದೆ. ಆ ಅಜ್ಜಿಗೆ ಇದರಿಂದ ಪ್ರಯೋಜನವಾಗಲಿಲ್ಲ.

ನೇರ ಪ್ರಸಾರದಲ್ಲಿ ಪ್ರಶ್ನೆ ಕೇಳಿದ ಹಿರಿಯರ ಹೆಸರನ್ನಾಗಲಿ, ಊರನ್ನಾಗಲಿ ನಾವು ಅಂದು ಬರೆದುಕೊಂಡಿರಲಿಲ್ಲ. ಅವರು ಈ ಪುಟವನ್ನು ಓದುತ್ತಿದ್ದರೆ ದಯವಿಟ್ಟು ಕೇಂದ್ರದ ವಿಳಾಸಕ್ಕೆ ನಾಲ್ಕು ಸಾಲು ಬರೆಯಲಿ. ಆ ಹನ್ನೆರಡು ಗಂಟೆಗಳಲ್ಲಿ ಅವರಿಗೆ ಏನು ಮಾಡಲು ಇಷ್ಟ ಎಂದು ನಾವು ಮೊದಲು ಅವರನ್ನೇ ಕೇಳಬೇಕಿತ್ತು.